ರಾಕಿ ಹುಟ್ಟಿದ ವರ್ಷ

ಬಸವನಗುಡಿಯ ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ ಎರಡು ವರ್ಷಗಳಿಂದ ಒಂದು ಕಾಗದದ ಪಟ್ಟಿ ಬೆಳೆಯುತ್ತಾ ಬಂದಿದೆ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ, ಒಂದಕ್ಕೊಂದು ಅಂಟಿಸಿ ಮಾಡಿದ ಪಟ್ಟಿ. ಎಡತುದಿಯಲ್ಲಿ 1951 ಎಂದು ದಪ್ಪಕ್ಷರದಲ್ಲಿ ಬರೆದಿದೆ. ಬಲತುದಿ ಬಾಗಿಲಿನ ಚೌಕಟ್ಟನ್ನು ದಾಟಿ ಪಕ್ಕದ ಗೋಡೆಗೆ ಹೊರಳಿಕೊಂಡಿದೆ. ನಡುವೆ ಮೂರು ಬಣ್ಣದ ಶಾಯಿ, ಬಾಣದ ಗುರುತುಗಳು, ಅಲ್ಲಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು. ಇದರ ಕರ್ತೃ ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗ. ವಿಷಯ, 'ಕೆ.ಜಿ.ಎಫ್' ಚಲನಚಿತ್ರದ ನಾಯಕ ರಾಕಿಯ ಜೀವನದ ಕಾಲಾನುಕ್ರಮಣಿಕೆ.

ಮೊದಲು ನಾನು ಇದನ್ನು ಮಕ್ಕಳಾಟವೆಂದೇ ತಿಳಿದಿದ್ದೆ. ಈ ಕೆಲಸದಲ್ಲಿ ಅವನೊಬ್ಬನೇ ಇಲ್ಲವೆಂಬುದು ಆಮೇಲೆ ಗೊತ್ತಾಯಿತು. ಶಾಲೆಯ ಇಬ್ಬರು ಗೆಳೆಯರು, ಚಾಮರಾಜಪೇಟೆಯಿಂದ ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ, ಸಂಜೆಯ ವೇಳೆ ಕೃಷ್ಣರಾವ್ ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತು ಗಂಟೆಗಟ್ಟಲೆ ವಾದಿಸುತ್ತಾರೆ. ಯಾವ ಘಟನೆ ಯಾವ ವರ್ಷದ್ದು, ಯಾವ ಪಾತ್ರಕ್ಕೆ ಆಗ ಎಷ್ಟು ವಯಸ್ಸು, ಮೊದಲ ಭಾಗದಲ್ಲಿ ಹೇಳಿದ್ದಕ್ಕೂ ಎರಡನೆಯ ಭಾಗದಲ್ಲಿ ತೋರಿಸಿದ್ದಕ್ಕೂ ಹೊಂದಾಣಿಕೆ ಉಂಟೇ, ಹೊಂದದಿದ್ದರೆ ಯಾವುದನ್ನು ನಂಬಬೇಕು. 2025ರ ದಸರಾ ರಜೆಯಲ್ಲಿ ಒಂದು ವಿವಾದ ಇತ್ಯರ್ಥವಾಗದೆ ನನ್ನ ಬಳಿಗೆ ಬಂತು. 'ತಾತ ಗವರ್ನಮೆಂಟಿನಲ್ಲಿದ್ದರು, ಎಲ್ಲರ ಡೇಟ್ ಆಫ್ ಬರ್ತ್ ಅವರೇ ನೋಡುತ್ತಿದ್ದದ್ದು' ಎಂದು ಮೊಮ್ಮಗ ನನ್ನ ಅರ್ಹತೆಯನ್ನು ಸ್ನೇಹಿತರಿಗೆ ವಿವರಿಸಿದ್ದ.

ಮಾತಿನಲ್ಲಿ ಅತಿಶಯೋಕ್ತಿಯಿತ್ತು, ಪೂರ್ತಿ ಸುಳ್ಳಂತೂ ಅಲ್ಲ. ಸೇವಾವಧಿಯ ಕೆಲವು ವರ್ಷಗಳನ್ನು ನಾನು ನೌಕರರ ಸರ್ವಿಸ್ ರಿಜಿಸ್ಟರುಗಳ ನಡುವೆ ಕಳೆದವನು. ಹದಿಮೂರನೆಯ ವಯಸ್ಸಿಗೆ ಸರ್ಕಾರಿ ಕೆಲಸಕ್ಕೆ ಸೇರಿದ್ದಾರೆಂದು ದಾಖಲೆ ಹೇಳುವ ಗುಮಾಸ್ತರನ್ನು, ತಮ್ಮನಿಗಿಂತ ಐದು ತಿಂಗಳು ಮಾತ್ರ ದೊಡ್ಡವರಾದ ಅಣ್ಣಂದಿರನ್ನು ನಾನು ಕಡತಗಳಲ್ಲಿ ಭೇಟಿಯಾಗಿದ್ದೇನೆ. ಎರಡು ದಾಖಲೆಗಳು ಪರಸ್ಪರ ವಿರುದ್ಧವಾಗಿ ಮಾತನಾಡುವಾಗ ಏನು ಮಾಡಬೇಕೆಂಬುದು ನನ್ನ ಹಳೆಯ ಉದ್ಯೋಗ. ಹುಡುಗರ ಮೊಕದ್ದಮೆಯನ್ನು ಸ್ವೀಕರಿಸಿದೆ.

ಚಿತ್ರಗಳನ್ನು ನೋಡದ ಓದುಗರಿಗಾಗಿ ಸಂಗತಿಯನ್ನು ಸಂಕ್ಷೇಪವಾಗಿ ಹೇಳಬೇಕು. ಪ್ರಶಾಂತ್ ನೀಲ್ ನಿರ್ದೇಶನದ ಈ ಕತೆಯ ಮೊದಲ ಭಾಗ ತೆರೆ ಕಂಡದ್ದು 2018ರ ಡಿಸೆಂಬರ್‌ನಲ್ಲಿ, ಎರಡನೆಯದು 2022ರ ಏಪ್ರಿಲ್‌ನಲ್ಲಿ. ರಾಕಿ ಹುಟ್ಟಿದ್ದು 1951ರಲ್ಲಿ. ಅದೇ ದಿನ ಕೋಲಾರದ ಸೀಮೆಯಲ್ಲಿ ಚಿನ್ನ ಸಿಗುತ್ತದೆ. ಸುಣ್ಣದಕಲ್ಲಿನ ಗಣಿಯೆಂದು ಹೊರಗೆ ಹೇಳಿಕೊಂಡು ನರಾಚಿ ಎಂಬಲ್ಲಿ ಸೂರ್ಯವರ್ಧನನೆಂಬಾತ ಗುಟ್ಟಾಗಿ ಚಿನ್ನ ತೆಗೆಸುತ್ತಾನೆ. ಮುಂದೆ 1978ರ ಹೊತ್ತಿಗೆ ರಾಕಿ ಬೊಂಬಾಯಿಯ ಭೂಗತ ಲೋಕದಲ್ಲಿ ಬೆಳೆದು, ಬೆಂಗಳೂರಿನ ಮೂಲಕ ನರಾಚಿಯನ್ನು ಹೊಕ್ಕು, ಕೊನೆಗೆ 1981ರಲ್ಲಿ ಚಿನ್ನದ ಸಮೇತ ಕಡಲಿನಲ್ಲಿ ಮುಳುಗುತ್ತಾನೆ. ಇಷ್ಟನ್ನೂ ನಮಗೆ ಹೇಳುವವರು ಆನಂದ್ ಇಂಗಳಗಿ ಎಂಬ ಪತ್ರಕರ್ತರು. ಅವರು ಬರೆದ ಪುಸ್ತಕವನ್ನು ಸರ್ಕಾರ ನಿಷೇಧಿಸಿದೆ; ದೂರದರ್ಶನ ವಾಹಿನಿಯೊಂದರ ಸಂದರ್ಶನದಲ್ಲಿ ಕುಳಿತು ಅವರು ಕತೆಯನ್ನು ಬಾಯಿಮಾತಿನಲ್ಲಿ ನಿರೂಪಿಸುತ್ತಾರೆ. ಮೊದಲ ಭಾಗದಲ್ಲಿ ಆ ಪಾತ್ರ ಅನಂತನಾಗ್ ಅವರದು. ಎರಡನೆಯ ಭಾಗದಲ್ಲಿ ಅವರು ಕಾಯಿಲೆ ಬಿದ್ದು, ಮಗ ವಿಜಯೇಂದ್ರ ಇಂಗಳಗಿಯಾಗಿ ಪ್ರಕಾಶ್ ರೈ ಕತೆಯನ್ನು ಮುಂದುವರಿಸುತ್ತಾರೆ. ಚಿತ್ರ ಮುಗಿದ ಮೇಲೆ ಬರುವ ತುಣುಕೊಂದರಲ್ಲಿ, 1978ರಿಂದ 1981ರ ನಡುವೆ ರಾಕಿ ಅಮೆರಿಕದಲ್ಲೂ ಇನ್ನೂ ಹದಿನಾರು ದೇಶಗಳಲ್ಲೂ ಎಸಗಿದ ಅಪರಾಧಗಳ ದಾಖಲೆ ಪ್ರಧಾನಿಯ ಮೇಜಿಗೆ ಬರುತ್ತದೆ.

ಚಿತ್ರದ ಗುಣದೋಷಗಳ ಬಗ್ಗೆ ನನ್ನ ಅಭಿಪ್ರಾಯವನ್ನು ಬರೆದರೆ ಮನೆಯಲ್ಲಿ ಕಾಫಿ ಸಿಗದು. ಅಷ್ಟೊಂದು ಹೊಗೆ, ಅಷ್ಟೊಂದು ಸುತ್ತಿಗೆ ನನ್ನ ವಯಸ್ಸಿಗೆ ಹೆಚ್ಚಾಯಿತೆಂದಷ್ಟೇ ಹೇಳಿ ಮುಂದುವರಿಯುತ್ತೇನೆ.

ಹುಡುಗರ ಮುಂದಿದ್ದ ವಿವಾದ ಇಷ್ಟು. ಮೂರೇ ವರ್ಷಗಳಲ್ಲಿ ಒಬ್ಬ ಮನುಷ್ಯ ನರಾಚಿಯನ್ನೂ ಆಳಿ, ಹದಿನೇಳು ದೇಶಗಳಲ್ಲೂ ಅಪರಾಧ ಎಸಗಲು ಸಾಧ್ಯವೇ? ಒಬ್ಬ ಹುಡುಗ ಎರಡೂ ಭಾಗಗಳ ದೃಶ್ಯಗಳನ್ನು ತಿಂಗಳುಗಳಿಗೆ ಹಂಚಿ, ಎಲ್ಲಿ ಬಿಡುವು ಉಳಿಯುತ್ತದೆಂದು ಲೆಕ್ಕ ಹಾಕಿ ತಂದಿದ್ದ. ಮೂರನೆಯ ಭಾಗ ಬಂದರೆ ಅದು ಆ ಬಿಡುವಿನಲ್ಲೇ ಕೂರಬೇಕು ಎಂಬುದು ಅವನ ವಾದ. ಎಂಜಿನಿಯರಿಂಗ್ ಹುಡುಗ ಒಪ್ಪಲಿಲ್ಲ. 'ಸಾರ್, ಕತೆ ಹೇಳುತ್ತಿರುವವರು ಯಾರು? ಮೊದಲರ್ಧ ತಂದೆ, ಎರಡನೆಯರ್ಧ ಮಗ. ಮಗ ಏನನ್ನೂ ಕಣ್ಣಾರೆ ಕಂಡಿಲ್ಲ. ಅವರ ಕೈಯಲ್ಲಿರುವುದು ತಂದೆಯ ಬರಹ. ಆ ತಂದೆಯಾದರೂ ಎಷ್ಟನ್ನು ಕಂಡಿದ್ದರು, ಎಷ್ಟನ್ನು ಬೇರೆಯವರಿಂದ ಕೇಳಿದ್ದರು?' ಎಂದು ಕೇಳಿದ. ನಾನು ಬೆರಗಾದೆ. ಪ್ರತ್ಯಕ್ಷ ಸಾಕ್ಷ್ಯಕ್ಕೂ ಕೇಳಿಕೆಯ ಸಾಕ್ಷ್ಯಕ್ಕೂ ಇರುವ ಈ ಅಂತರವನ್ನು ಕಿರಿಯ ಅಧಿಕಾರಿಗಳಿಗೆ ತಿಳಿಸಿಕೊಡಲು ನಾನು ವರ್ಷಗಟ್ಟಲೆ ಹೆಣಗಿದ್ದೇನೆ.

ನನ್ನ ತೀರ್ಪು ಯಾರಿಗೂ ತೃಪ್ತಿ ತರಲಿಲ್ಲವೆನ್ನಿ. ಆದರೆ ಅಂದಿನಿಂದ ಆ ಪಟ್ಟಿಯನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ.

ನಮ್ಮ ಕಾಲದಲ್ಲೂ ಸರಣಿ ಚಿತ್ರಗಳಿದ್ದವು. ರಾಜ್‌ಕುಮಾರ್ ಅವರು ಸಿ.ಐ.ಡಿ. 999 ಆಗಿ ಬಂದ 'ಜೇಡರ ಬಲೆ' 1968ರದು; ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಮತ್ತೆ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ನಾಲ್ಕನ್ನೂ ನಿರ್ದೇಶಿಸಿದವರು ದೊರೆ-ಭಗವಾನ್ ಜೋಡಿ. ಕೊನೆಯದು ಬಂದಾಗ ನನಗೆ ಹತ್ತೊಂಬತ್ತು. ಹಿಂದಿನವನ್ನು ನಾನು ನೋಡಿದ್ದು ಚಾಮರಾಜಪೇಟೆಯ ಉಮಾ ಟಾಕೀಸಿನಂತಹ ಕಡೆ ಮರುಪ್ರದರ್ಶನಗಳಲ್ಲಿ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಒಂಬತ್ತು ವರ್ಷಗಳು ಉರುಳಿದ್ದವು. ಆ ಒಂಬತ್ತು ವರ್ಷ ಈ ಗೂಢಚಾರ ಎಲ್ಲಿದ್ದ, ಅವನಿಗೆ ಬಡ್ತಿ ಸಿಕ್ಕಿತೇ, ಒಂದು ಚಿತ್ರದಲ್ಲಿ ಒಲಿದ ನಾಯಕಿ ಮುಂದಿನದರಲ್ಲಿ ಏನಾದಳು ಎಂದು ನಾವ್ಯಾರೂ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ನಮಗೆ ಅಖಂಡವಾಗಿದ್ದದ್ದು ರಾಜ್‌ಕುಮಾರ್. ಗಾಂಧಿಬಜಾರಿನ ನಮ್ಮ ಗುಂಪಿನಲ್ಲೊಬ್ಬ ಅವರ ಚಿತ್ರಗಳನ್ನು ಕತೆ ನಡೆಯುವ ಕಾಲಕ್ಕೆ ತಕ್ಕಂತೆ ಜೋಡಿಸಿ ಕರ್ನಾಟಕದ ಇತಿಹಾಸವನ್ನೇ ಒಪ್ಪಿಸುತ್ತಿದ್ದ. ಮೊದಲು 'ಮಯೂರ', ಆಮೇಲೆ 'ಇಮ್ಮಡಿ ಪುಲಿಕೇಶಿ', ಬಳಿಕ 'ಶ್ರೀಕೃಷ್ಣದೇವರಾಯ', ಕೊನೆಗೆ 'ರಣಧೀರ ಕಂಠೀರವ'. ನಾಲ್ಕನೆಯ ಶತಮಾನದಿಂದ ಹದಿನೇಳನೆಯದರವರೆಗೆ ಒಬ್ಬರೇ ಅರಸರು! ಪರೀಕ್ಷೆಯಲ್ಲಿ ಅವನಿಗೆ ಇತಿಹಾಸದಲ್ಲಿ ನಮಗಿಂತ ಹೆಚ್ಚು ಅಂಕ ಬರುತ್ತಿತ್ತೆಂಬುದನ್ನೂ ಹೇಳಿಬಿಡಬೇಕು.

ನಾವು ಕೇಳದ ಪ್ರಶ್ನೆಗಳನ್ನು ಇವರೇಕೆ ಕೇಳುತ್ತಾರೆ? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಹೊಳೆಯುವ ಉತ್ತರ ಸರಳವಾದದ್ದು. ಅಂದು ಒಂದು ಸಂಶಯವನ್ನು ಪರಿಹರಿಸಿಕೊಳ್ಳಲು ಮತ್ತೊಂದು ಟಿಕೆಟ್ ಕೊಳ್ಳಬೇಕಿತ್ತು, ಮತ್ತೆ ಸರತಿಯಲ್ಲಿ ನಿಲ್ಲಬೇಕಿತ್ತು. ಅಷ್ಟು ಮಾಡಿದರೂ ಆ ದೃಶ್ಯ ಕ್ಷಣಾರ್ಧದಲ್ಲಿ ಹಾದುಹೋಗುತ್ತಿತ್ತು. ಇಂದು ಬೆರಳ ತುದಿಯಲ್ಲಿ ಚಿತ್ರವನ್ನು ನಿಲ್ಲಿಸಿ, ಹಿಂದಕ್ಕೆ ಸರಿಸಿ, ಗೋಡೆಯ ಗಡಿಯಾರದ ಮುಳ್ಳುಗಳನ್ನು ಓದಬಹುದು. ಪರಿಶೀಲನೆಯ ವೆಚ್ಚ ಶೂನ್ಯಕ್ಕಿಳಿದರೆ ಪರಿಶೀಲಕರ ಸಂಖ್ಯೆ ಏರುತ್ತದೆ. 2017ರಲ್ಲಿ ಬಂದ ಸ್ಪೈಡರ್‌ಮ್ಯಾನ್ ಚಿತ್ರವೊಂದರಲ್ಲಿ 'ಎಂಟು ವರ್ಷಗಳ ನಂತರ' ಎಂಬ ಒಂದು ಸಾಲು ತೆರೆಯ ಮೇಲೆ ಮೂಡಿದ್ದೇ ತಡ, ಅದೇ ಮಾರ್ವೆಲ್ ಕಂಪನಿಯ ಹಿಂದಿನ ಚಿತ್ರಗಳ ಜೊತೆ ಅದು ಕೂಡುವುದಿಲ್ಲವೆಂದು ಜಗತ್ತಿನಾದ್ಯಂತ ಅಭಿಮಾನಿಗಳು ಎತ್ತಿ ತೋರಿಸಿದರು. ಚಿತ್ರ ಮಾಡಿದವರಿಗಿಂತ ನೋಡಿದವರ ಲೆಕ್ಕ ಬಿಗಿಯಾಗಿತ್ತು.

ಚಿತ್ರೋದ್ಯಮಕ್ಕೆ ಈ ಲೆಕ್ಕದ ಬೆಲೆ ಗೊತ್ತು. ನೀಲ್ ಅವರದೇ ನಿರ್ದೇಶನದ ತೆಲುಗು ಚಿತ್ರ 'ಸಲಾರ್'ನ ಟೀಸರ್ 2023ರ ಜುಲೈ 6ರ ಬೆಳಗಿನ ಜಾವ 5 ಗಂಟೆ 12 ನಿಮಿಷಕ್ಕೆ ಬಿಡುಗಡೆಯಾಯಿತು. ರಾಕಿಯ ಹಡಗಿನ ಕೊನೆಯ ದೃಶ್ಯದ ಗಡಿಯಾರಕ್ಕೂ ಈ ವೇಳೆಗೂ ನಂಟು ಕಟ್ಟಿ, ಎರಡೂ ಒಂದೇ ಲೋಕದ ಕತೆಗಳೆಂದು ಅಭಿಮಾನಿಗಳು ತೀರ್ಮಾನಿಸಿದರು. ಎರಡಕ್ಕೂ ಸಂಬಂಧವಿಲ್ಲವೆಂದು ನಿರ್ದೇಶಕರೇ ಆಮೇಲೆ ಸಂದರ್ಶನಗಳಲ್ಲಿ ಹೇಳಿದರು. ಮೊಮ್ಮಗ ಇದನ್ನು ಒಪ್ಪಿಲ್ಲ. ಪಟ್ಟಿಯಲ್ಲಿ 'ಸಲಾರ್'ಗೆ ಹೋಗುವ ಹಸಿರು ಬಾಣವನ್ನು ಅಳಿಸದೆ, ಚುಕ್ಕೆಗೆರೆಯಾಗಿ ಮಾತ್ರ ಮಾರ್ಪಡಿಸಿದ್ದಾನೆ. ಒಂದು ಗಡಿಯಾರ ತೋರಿಸಿ ಸಾವಿರಾರು ಹುಡುಗರನ್ನು ತಿಂಗಳುಗಟ್ಟಲೆ ಬಿಟ್ಟಿ ಪ್ರಚಾರಕರನ್ನಾಗಿಸಬಹುದಾದರೆ, ಗಡಿಯಾರಗಳ ಸಂಖ್ಯೆ ಹೆಚ್ಚುವುದರಲ್ಲಿ ಆಶ್ಚರ್ಯವಿಲ್ಲ ಎಂದು ನಾನು ಗೊಣಗಿದ್ದುಂಟು. 'ಬಿಟ್ಟಿಯಾದರೂ ಕೆಲಸ ನಮ್ಮದೇ ಅಲ್ವಾ ತಾತ' ಎಂದು ಅವನು ಸುಮ್ಮನಾಗಿಸಿದ.

ಆದರೆ ಬಿಡುವಿನ ವೇಳೆಯ ಈ ವ್ಯಸನ ಸಿನಿಮಾದೊಡನೆ ಹುಟ್ಟಿದ್ದಲ್ಲ. ಶರ್ಲಾಕ್ ಹೋಮ್ಸ್‌ನ ಗೆಳೆಯ ವಾಟ್ಸನ್‌ಗೆ ಯುದ್ಧದಲ್ಲಿ ಗುಂಡು ತಗುಲಿದ್ದು ಒಂದು ಕಾದಂಬರಿಯಲ್ಲಿ ಭುಜಕ್ಕೆ, ಮತ್ತೊಂದರಲ್ಲಿ ಕಾಲಿಗೆ. ಲೇಖಕ ಕಾನನ್ ಡಾಯ್ಲ್ ಮರೆತರೆಂದು ಬಿಟ್ಟುಬಿಡದೆ ಇದನ್ನು ಸಮನ್ವಯಗೊಳಿಸಲು ಇಂಗ್ಲೆಂಡಿನ ಮತ್ತು ಅಮೆರಿಕದ ಗಣ್ಯ ವಿದ್ವಾಂಸರು ನೂರು ವರ್ಷಗಳಿಗೂ ಮಿಗಿಲಾಗಿ ಪ್ರಬಂಧ ಬರೆದಿದ್ದಾರೆ. ಪಾದ್ರಿಯಾಗಲಿದ್ದ ರೊನಾಲ್ಡ್ ನಾಕ್ಸ್ 1911ರಲ್ಲಿ ಇಂಥದೊಂದು ಪ್ರಬಂಧ ಓದಿ ದಾರಿ ಹಾಕಿಕೊಟ್ಟರು. ಅಷ್ಟು ದೂರ ಹೋಗುವುದೂ ಬೇಡ. ನನ್ನ ಅಜ್ಜಿ ಸಂಜೆ ಗಮಕ ವಾಚನ ಕೇಳಿ ಬಂದು ಜಗಲಿಯ ಮೇಲೆ ಕುಳಿತು ನೆರೆಯವರೊಂದಿಗೆ ಚರ್ಚಿಸುತ್ತಿದ್ದದ್ದು ಇದೇ ತರಹದ ವಿಷಯಗಳನ್ನು. ಕುರುಕ್ಷೇತ್ರದ ವೇಳೆಗೆ ಭೀಷ್ಮರಿಗೆ ವಯಸ್ಸೆಷ್ಟು? ರಾಮನ ಬಿಲ್ಲನ್ನು ಪರೀಕ್ಷಿಸಿದ ಪರಶುರಾಮರು ಕರ್ಣನಿಗೆ ಗುರುವಾದದ್ದು ಹೇಗೆ? ಲಂಕೆಗೆ ಹೋಗಿಬಂದ ಜಾಂಬವಂತ ಶಮಂತಕ ಮಣಿಗಾಗಿ ಕೃಷ್ಣನೊಡನೆ ಕಾದಾಡಲು ಎಷ್ಟು ವರ್ಷ ಬದುಕಿರಬೇಕು? ಒಂದು ಕತೆಯ ಪಾತ್ರ ಇನ್ನೊಂದು ಯುಗದ ಕತೆಯೊಳಗೆ ಬಂದುಬಿಟ್ಟಾಗ ನಮ್ಮ ಹಿರಿಯರು 'ಚಿರಂಜೀವಿ' ಎಂಬ ಒಂದೇ ಪದದಲ್ಲಿ ತೊಡಕು ಬಿಡಿಸಿದರು. ಇದಕ್ಕಿಂತ ಅಚ್ಚುಕಟ್ಟಾದ ಪರಿಹಾರ ಹಾಲಿವುಡ್‌ಗೂ ಸಿಕ್ಕಿಲ್ಲ. ಇದನ್ನು ಹೇಳಿದಾಗ ಎಂಜಿನಿಯರಿಂಗ್ ಹುಡುಗ ತನ್ನ ಪುಸ್ತಕದಲ್ಲಿ ಬರೆದುಕೊಂಡ.

ಈ ಊರಿನಲ್ಲಿ ಇಂಥ ಲೆಕ್ಕಾಚಾರ ನಿಜವಾದ ರಾಜರುಗಳ ವಿಷಯದಲ್ಲಿ ನಡೆದದ್ದೂ ಉಂಟು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಹಳ್ಳಿಹಳ್ಳಿಯಿಂದ ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಹೊರತಂದರು. ಗಂಗ ಅರಸರ ವಂಶಾವಳಿಯನ್ನು ತಾಮ್ರಪಟಗಳ ಆಧಾರದಿಂದ ಅವರು ಜೋಡಿಸಿದಾಗ, ಬೊಂಬಾಯಿ ಪ್ರಾಂತ್ಯದ ಸಿವಿಲ್ ಸರ್ವಿಸ್‌ನಲ್ಲಿದ್ದ ಜೆ.ಎಫ್. ಫ್ಲೀಟ್ ಆಕ್ಷೇಪವೆತ್ತಿದರು. ಆ ಪಟಗಳಲ್ಲಿ ಹಲವು ಕೂಟಶಾಸನಗಳು, ಲಿಪಿ ಅವು ಹೇಳಿಕೊಳ್ಳುವ ಕಾಲದ್ದಲ್ಲ, ತಿಥಿವಾರಗಳು ಕೂಡುವುದಿಲ್ಲ ಎಂಬುದು ಅವರ ವಾದ. ವರ್ಷಗಳ ಕಾಲ ಇಬ್ಬರೂ ಪತ್ರಿಕೆಗಳಲ್ಲಿ ಹೋರಾಡಿದರು. ಶಕವರ್ಷ, ಸಂವತ್ಸರ, ತಿಥಿ, ವಾರ ಇವು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಇಂದಿಗೂ ಶಾಸನತಜ್ಞರು ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ನೋಡುವುದುಂಟು. ನನ್ನ ಮೊಮ್ಮಗ ಗಡಿಯಾರದ ಮುಳ್ಳು ನೋಡುತ್ತಾನೆ. ಅವರು ಗ್ರಹಣ ನೋಡುತ್ತಿದ್ದರು.

ಇಷ್ಟೆಲ್ಲ ಮೆಚ್ಚುಗೆಯ ನಡುವೆ ನನಗೆ ಪೆಟ್ಟು ಬಿದ್ದದ್ದು ಅವನ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ಮನೆಗೆ ಬಂದಾಗ. ಕರ್ನಾಟಕದ ಖನಿಜಗಳ ಕುರಿತ ಪ್ರಶ್ನೆಗೆ ಆತ, ಕೋಲಾರದಲ್ಲಿ ಚಿನ್ನ ಪತ್ತೆಯಾದದ್ದು 1951ರಲ್ಲಿ ಎಂದು ಬರೆದಿದ್ದ. ಉಪಾಧ್ಯಾಯರು ಕೆಂಪು ಗೆರೆ ಎಳೆದಿದ್ದರು. ಗಡಿಯಾರದ ನಿಮಿಷವನ್ನೂ ಬಿಡದೆ ಪರಿಶೀಲಿಸುವ ಹುಡುಗ, ಆ ಒಂದು ಇಸವಿಯನ್ನು ಮಾತ್ರ ಯಾವ ಸಾಕ್ಷ್ಯವನ್ನೂ ಕೇಳದೆ ನಂಬಿಕೊಂಡಿದ್ದ. ಅವನ ಎರಡು ವರ್ಷಗಳ ಕಟ್ಟಡದ ಅಡಿಗಲ್ಲೇ ಅದಾಗಿತ್ತು.

ಅಂದು ರಾತ್ರಿ ನಾನು ಗೋಡೆಯ ಮೇಲಿನ ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿಯನ್ನು ಅಂಟಿಸಲು ಹೇಳಿದೆ. ಅದು 1951ರಿಂದ ಶುರುವಾಗಲು ಸಾಧ್ಯವಿರಲಿಲ್ಲ. ಎಡಕ್ಕೆ ಕಿಟಕಿಯವರೆಗೆ ಹೋಗಬೇಕಾಯಿತು. ಮೈಕೇಲ್ ಲವೆಲ್ ಎಂಬ ಮಾಜಿ ಸೈನಿಕ ಗಣಿಗಾರಿಕೆಯ ಪರವಾನಗಿ ಪಡೆದದ್ದು 1875ರಲ್ಲಿ. ನಮ್ಮ ಊರಿನ ಲವೆಲ್ ರಸ್ತೆ ಅವನ ಹೆಸರಿನದೇ ಎಂದಾಗ ಹುಡುಗ ಕಣ್ಣರಳಿಸಿದ. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದದ್ದು 1880ರಲ್ಲಿ. ಶಿವನಸಮುದ್ರದಿಂದ ಗಣಿಗಳಿಗೆ ವಿದ್ಯುತ್ ಹರಿದದ್ದು 1902ರಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. 1930ರಲ್ಲಿ ಬೆರಳಚ್ಚು ಕೊಡಬೇಕೆಂಬ ನಿಯಮದ ವಿರುದ್ಧ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. 1956ರಲ್ಲಿ ಗಣಿಗಳು ರಾಜ್ಯ ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಸೇರಿದವು; 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸ್ಥಾಪನೆಯಾಯಿತು. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು. ಅಷ್ಟು ಹೊತ್ತಿಗೆ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು.

ಹುಡುಗ ಸುಲಭವಾಗಿ ಸೋಲಲಿಲ್ಲ. ನರಾಚಿ ಎಂಬುದು ಈ ಗಣಿಗಳಲ್ಲ, ಗುಟ್ಟಾಗಿದ್ದ ಬೇರೊಂದು ಗಣಿ. ಆದ್ದರಿಂದ ಎರಡು ಪಟ್ಟಿಗಳೂ ಏಕಕಾಲದಲ್ಲಿ ನಿಜವಾಗಿರಬಹುದೆಂದು ವಾದಿಸಿದ. ವಾದ ಜಾಣತನದ್ದು. ಆದರೆ ಅದನ್ನು ಮಂಡಿಸಲು ಅವನು ಎರಡನೆಯ ಪಟ್ಟಿಯನ್ನು ಓದಲೇಬೇಕಾಯಿತು. ಓದುತ್ತಾ ಹೋದಂತೆ ಪ್ರಶ್ನೆಗಳು ದಿಕ್ಕು ಬದಲಿಸಿದವು. ಚಿತ್ರದ ಎರಡನೆಯ ಭಾಗದಲ್ಲಿ ರಮಿಕಾ ಸೇನ್ ಎಂಬ ಮಹಿಳೆ ಪ್ರಧಾನಿ. ಹಾಗಾದರೆ ಆ ಲೋಕದಲ್ಲಿ ಇಂದಿರಾ ಗಾಂಧಿಯವರು ಇರಲಿಲ್ಲವೇ? ಅವರಿಲ್ಲದಿದ್ದರೆ ತುರ್ತುಪರಿಸ್ಥಿತಿಯೂ ಇರಲಿಲ್ಲವೇ? 'ತುರ್ತುಪರಿಸ್ಥಿತಿ ಅಂದರೆ ಸರಿಯಾಗಿ ಏನಾಯಿತು ತಾತ?' 1975ರಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧಿತರಾದದ್ದು ನಮ್ಮ ಊರಿನಲ್ಲೇ, ಅವರನ್ನಿಟ್ಟಿದ್ದ ಜೈಲು ಇಂದಿನ ಫ್ರೀಡಂ ಪಾರ್ಕ್ ಎಂದು ಹೇಳಿದೆ. ಅವನು ಆ ಉದ್ಯಾನದ ಮುಂದೆ ನೂರು ಸಲವಾದರೂ ಹಾದುಹೋಗಿದ್ದಾನೆ.

ಇನ್ನೊಂದು ದಿನ, ರಾಕಿ ಅಷ್ಟು ಚಿನ್ನವನ್ನು ಬ್ಯಾಂಕಿನಲ್ಲಿಡದೆ ಕಳ್ಳಸಾಗಣೆ ಮಾಡಿದ್ದೇಕೆಂದು ಗೆಳೆಯನೊಬ್ಬ ಕೇಳಿದ. ಇದು ನನ್ನ ಕ್ಷೇತ್ರ. 1968ರ ಚಿನ್ನ ನಿಯಂತ್ರಣ ಕಾಯಿದೆಯ ಕೆಳಗೆ ಸಾಮಾನ್ಯ ಪ್ರಜೆ ಚಿನ್ನದ ಗಟ್ಟಿಯನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಕಾಯಿದೆ ರದ್ದಾದದ್ದು 1990ರಲ್ಲಿ. 1978ರ ಆರಂಭದಲ್ಲಿ ಲಂಡನ್ನಿನಲ್ಲಿ ಔನ್ಸಿಗೆ ಇನ್ನೂರು ಡಾಲರಿಗಿಂತ ಕಡಿಮೆಯಿದ್ದ ಬೆಲೆ 1980ರ ಜನವರಿಯಲ್ಲಿ 850 ಡಾಲರ್ ಮುಟ್ಟಿತ್ತು. ಚಿತ್ರಕತೆ ಬರೆದವರು ಈ ವರ್ಷಗಳನ್ನು ಆಯ್ದುಕೊಂಡದ್ದು ಲೆಕ್ಕ ಹಾಕಿಯೋ ಆಕಸ್ಮಿಕವೋ, ಕಳ್ಳಸಾಗಣೆಗಾರನಿಗೆ ಅದಕ್ಕಿಂತ ಒಳ್ಳೆಯ ಮುಹೂರ್ತವಿರಲಿಲ್ಲ. ಎಂ.ಎ. ತರಗತಿಯಲ್ಲಿ ಓದಿದ ಈ ಸಂಗತಿಗೆ ನಲವತ್ತು ವರ್ಷಗಳ ಮೇಲೆ ಇಷ್ಟು ಉತ್ಸಾಹದ ಕೇಳುಗರು ಸಿಕ್ಕಿದರು.

ಕೊನೆಗೆ ಒಂದು ಭಾನುವಾರ ಇಬ್ಬರೂ ಮಾರಿಕುಪ್ಪಂ ರೈಲು ಹತ್ತಿದೆವು. ಬಂಗಾರಪೇಟೆ ದಾಟಿದ ಮೇಲೆ ನಿಲ್ದಾಣಗಳ ಹೆಸರುಗಳೇ ಒಂದು ಇತಿಹಾಸ: ಕೋರಮಂಡಲ್, ಊರ್ಗಾಂ, ಚಾಂಪಿಯನ್. ಕೆಲಸದ ದಿನಗಳಲ್ಲಾದರೆ ಇದೇ ಮಾರ್ಗದ ರೈಲುಗಳಲ್ಲಿ ಅಲ್ಲಿನ ಸಾವಿರಾರು ಜನ ಮುಂಜಾನೆಯೇ ಬೆಂಗಳೂರಿಗೆ ದುಡಿಯಲು ಬರುತ್ತಾರೆ. ಗಣಿ ಮುಚ್ಚಿದ ಊರಿನ ಬದುಕು ಅದು. ಚಿನ್ನ ಸೋಸಿದ ಮೇಲೆ ಸುರಿದ ಬೂದುಬಣ್ಣದ ಸೈನೈಡ್ ದಿಬ್ಬಗಳನ್ನು ಕಂಡು ಹುಡುಗ ಚಿತ್ರದ ದೃಶ್ಯವೊಂದನ್ನು ಗುರುತಿಸಿದ. ಚಿತ್ರೀಕರಣದ ಒಂದು ಭಾಗ ನಡೆದದ್ದು ಅಲ್ಲಿಯೇ.

ಆಂಡರ್ಸನ್‌ಪೇಟೆಯ ಒಂದು ಚಹಾ ಅಂಗಡಿಯಲ್ಲಿ ನಿವೃತ್ತ ಗಣಿ ಕಾರ್ಮಿಕರೊಬ್ಬರ ಪರಿಚಯವಾಯಿತು. ಎಪ್ಪತ್ತು ದಾಟಿದವರು, ತಮಿಳು ಮನೆಮಾತಿನವರು, ಕನ್ನಡವನ್ನು ನಿಧಾನವಾಗಿ ಆಡುತ್ತಿದ್ದರು. ಹುಡುಗ ಮೊದಲು ಕೇಳಿದ್ದೇ 1951ರ ಬಗ್ಗೆ. ಅವರು ನಕ್ಕರು. 'ಐವತ್ತೊಂದರಲ್ಲಿ ನಮ್ಮಪ್ಪ ಗಣಿಯಲ್ಲಿದ್ದರು ಕಣಪ್ಪಾ. ಅವರಿಗೆ ಮುಂಚೆ ಅವರಪ್ಪ. ಚಿನ್ನ ಸಿಗದೇ ಇದ್ದರೆ ನಮ್ಮ ತಾತ ಆರ್ಕಾಟಿನಿಂದ ಇಲ್ಲಿಗೆ ಯಾಕೆ ಬರ್ತಿದ್ದರು?' ಮೂರು ತಲೆಮಾರಿನ ಸಾಕ್ಷ್ಯ ಎರಡು ವಾಕ್ಯಗಳಲ್ಲಿ ಮುಗಿಯಿತು. ಸಿನಿಮಾವನ್ನು ಅವರು ಎರಡು ಸಲ ನೋಡಿದ್ದರು, ಇಷ್ಟಪಟ್ಟೂ ಇದ್ದರು. ಒಂದೇ ಆಕ್ಷೇಪವಿತ್ತು: 'ಅದರಲ್ಲಿ ಎಲ್ಲರ ಕೈಯಲ್ಲೂ ಚಿನ್ನ. ನಾನು ಇಷ್ಟು ವರ್ಷ ಒಳಗಿಳಿದೆ ಸಾರ್, ನೋಡಿದ್ದು ಕಲ್ಲು.' ಕೊನೆಯ ವರ್ಷಗಳಲ್ಲಿ ಒಂದು ಟನ್ ಅದಿರಿಗೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ; ಅದು ಹಳದಿಯಾಗಿ ಕಾಣುವುದು ಮೇಲಿನ ಗಿರಣಿಯಲ್ಲಿ.

ಅವರ ಜೇಬಿನಲ್ಲಿ ಒಂದು ಸಣ್ಣ ಪುಸ್ತಕವಿತ್ತು. ಕೆಲಸಕ್ಕೆ ಸೇರಿದ ದಿನ, ಯಾವ ವರ್ಷ ಯಾವ ಶಾಫ್ಟಿಗೆ ವರ್ಗವಾಯಿತು, ಕಲ್ಲು ಸಿಡಿದು ಜೊತೆಯವರು ಸತ್ತ ದಿನಗಳು ಎಲ್ಲವೂ ತಮಿಳಿನಲ್ಲಿ. ಆಳದ ಗಣಿಗಳಲ್ಲಿ ಒತ್ತಡ ತಾಳದೆ ಬಂಡೆಯೇ ಸಿಡಿಯುವುದುಂಟು. ಕೋಲಾರದ ಗಣಿಗಳು ಅದಕ್ಕೆ ಕುಖ್ಯಾತವಾಗಿದ್ದವು. ಅವರು ಒಂದೊಂದೇ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದರು. ಒಂದು ಸಾವಿನ ತಾರೀಖು ತಮಗೆ ಖಚಿತವಿಲ್ಲವೆಂದೂ, ಆ ಪಾಳಿ ರಾತ್ರಿ ಹನ್ನೆರಡು ದಾಟಿತ್ತೇ ಇಲ್ಲವೇ ಎಂಬುದರಲ್ಲಿ ತಮಗೂ ಸತ್ತವರ ತಮ್ಮನಿಗೂ ಇಂದಿಗೂ ಭಿನ್ನಾಭಿಪ್ರಾಯವೆಂದೂ ಹೇಳಿದರು. ಅದಕ್ಕೆ ಅವರು ಪಕ್ಕದಲ್ಲಿ ಹಾಕಿಕೊಂಡಿದ್ದ ಗುರುತು, ನನ್ನ ಮೊಮ್ಮಗ ಹಾಕುವಂಥದೇ ಪ್ರಶ್ನಾರ್ಥಕ ಚಿಹ್ನೆ. ಹುಡುಗ ಬಹಳ ಹೊತ್ತು ಮಾತನಾಡಲಿಲ್ಲ. ಹಿಂದಿರುಗುವ ರೈಲಿನಲ್ಲಿ ಕೇಳಿದ, 'ಆ ಪುಸ್ತಕ ಕಳೆದುಹೋದರೆ ತಾತ?' ನನ್ನ ಬಳಿ ಉತ್ತರವಿರಲಿಲ್ಲ. ಆಮೇಲೆ ಅವನೂ ಎಂಜಿನಿಯರಿಂಗ್ ಹುಡುಗನೂ ಮತ್ತೆ ಹೋಗಿ, ಅವರ ಒಪ್ಪಿಗೆ ಪಡೆದು ಪುಟಗಳ ಫೋಟೋ ತೆಗೆದುಕೊಂಡು ಬಂದಿದ್ದಾರೆ. ತಮಿಳು ಓದಬಲ್ಲ ಗೆಳೆಯನಿಗಾಗಿ ಶ್ರೀರಾಮಪುರದ ಕಡೆ ಹುಡುಕಾಟ ನಡೆದಿದೆ.

ಈ ನಡುವೆ ಗೋಡೆಗೆ ಮೂರನೆಯ ಪಟ್ಟಿ ಬಂದಿದೆ. 2022ರ 'ಕಾಂತಾರ' 1847ರಲ್ಲಿ ಆರಂಭವಾಗಿ 1970ಕ್ಕೂ 1990ಕ್ಕೂ ಜಿಗಿಯುತ್ತದೆ. 2025ರ ಅಕ್ಟೋಬರ್ 2ರಂದು ತೆರೆಕಂಡ 'ಕಾಂತಾರ: ಚಾಪ್ಟರ್ 1' ಅದರ ಹಿಂದಿನ ಕತೆ, ಕದಂಬರ ಕಾಲದ್ದು. ಅದರಲ್ಲಿ ಬರುವ ರಾಜ್ಯ ಬಂಗ್ರ. ತುಳುನಾಡಿನ ಬಂಗರಸರು ಪ್ರಾಬಲ್ಯಕ್ಕೆ ಬಂದದ್ದು ಹನ್ನೆರಡನೆಯ ಶತಮಾನದಲ್ಲಿ. ಬನವಾಸಿಯ ಕದಂಬರ ಆಳ್ವಿಕೆ ಆರನೆಯ ಶತಮಾನದಲ್ಲೇ ಮುಗಿದಿತ್ತು. ನಾನು ಇದನ್ನು ತಪ್ಪೆಂದು ಹೇಳಿ ಮುಗಿಸಿದ್ದೆ. ಹುಡುಗರು ಬಿಡಲಿಲ್ಲ. ನಾಲ್ಕು ದಿನ ಕಳೆದು ಬಂದು, 'ಯಾವ ಕದಂಬರು ಅಂತ ನೀವು ಕೇಳಲೇ ಇಲ್ಲ. ಗೋವಾದ ಕದಂಬರು, ಹಾನಗಲ್ಲಿನ ಕದಂಬರು ಆಗಲೂ ಇದ್ದರಲ್ಲ' ಎಂದರು. ಚಿತ್ರ ಮಾಡಿದವರು ಹೀಗೆ ಹೇಳಿಲ್ಲ. ಇದು ಇವರೇ ಕಂಡುಕೊಂಡ ಸಮಾಧಾನ. ಒಪ್ಪುವುದೋ ಬಿಡುವುದೋ ಬೇರೆ ಮಾತು. ಆದರೆ ಹಾನಗಲ್ಲಿನ ಕದಂಬರ ಹೆಸರನ್ನು ಒಂಬತ್ತನೆಯ ತರಗತಿಯ ಹುಡುಗರ ಬಾಯಲ್ಲಿ ನಾನು ಕೇಳುತ್ತೇನೆಂದು ಎಣಿಸಿರಲಿಲ್ಲ. ಮಯೂರಶರ್ಮನ ಕತೆ ಹೇಳುವ ತಾಳಗುಂದದ ಸ್ತಂಭಶಾಸನವನ್ನು ನೋಡಬೇಕೆಂಬುದು ಈಗಿನ ಬೇಡಿಕೆ. ಶಿಕಾರಿಪುರದ ಕಡೆಯ ಬಸ್ಸಿನ ವೇಳಾಪಟ್ಟಿ ವಿಚಾರಿಸಬೇಕಾಗಿದೆ.

ಕಳೆದ ವಾರ ಪಟ್ಟಿಗಳ ಕೆಳಗೆ ಮತ್ತೊಂದು ಹಾಳೆ ಕಾಣಿಸಿತು. ಶೀರ್ಷಿಕೆ 'ತಾತ'. ಬೀರುವಿನಲ್ಲಿದ್ದ ನನ್ನ ಹಳೆಯ ಕಾಗದಗಳು ಯಾರ ಕೈಗೋ ಸಿಕ್ಕಿದ್ದವು. ನನ್ನ ಜಾತಕದ ಪ್ರಕಾರ ನಾನು ಹುಟ್ಟಿದ್ದು ವಿಲಂಬಿ ಸಂವತ್ಸರದ ಮಾಘದಲ್ಲಿ, ಎಂದರೆ 1959ರ ಫೆಬ್ರುವರಿ ಹೊತ್ತಿಗೆ. ಸರ್ವಿಸ್ ರಿಜಿಸ್ಟರಿನ ಪ್ರಕಾರ ಅದೇ ವರ್ಷದ ಜೂನ್‌ನಲ್ಲಿ. ನಮ್ಮ ತಲೆಮಾರಿನ ಅನೇಕರಂತೆ ನನ್ನ ಜನ್ಮದಿನವನ್ನೂ ಶಾಲೆಗೆ ಸೇರಿಸುವ ದಿನ ಯಾರೋ ಅಂದಾಜಿನಲ್ಲಿ ಬರೆಸಿದ್ದರು. 1974ರ ವಯೋನಿರ್ಧಾರ ಕಾಯಿದೆಯ ಪ್ರಕಾರ ರಿಜಿಸ್ಟರಿನ ನಮೂದನ್ನು ಮೂರು ವರ್ಷದೊಳಗೆ ಪ್ರಶ್ನಿಸದಿದ್ದರೆ ಅದೇ ಅಂತಿಮವೆಂದು ಹುಡುಗನಿಗೆ ವಿವರಿಸಿದೆ. ನೂರಾರು ನೌಕರರ ಅರ್ಜಿಗಳನ್ನು ಇದೇ ಕಾರಣ ಬರೆದು ನಾನು ತಿರಸ್ಕರಿಸಿದ್ದೇನೆ.

ಅವನು ಲೇಖನಿ ಹಿಡಿದು ಸ್ವಲ್ಪ ಯೋಚಿಸಿದ. 'ಹಾಗಾದರೆ ನೀವು ನಾಲ್ಕು ತಿಂಗಳು ಜಾಸ್ತಿ ಕೆಲಸ ಮಾಡಿದ್ದೀರಿ ತಾತ' ಎಂದು ಹೇಳಿ, ಎರಡೂ ತಾರೀಖುಗಳನ್ನು ಬರೆದು ನಡುವೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ.